ಲ್ಯಾಬ್‌ಗೆ ವರ್ಷ ತುಂಬಿತು: ಹಲವರಿಗೆ ಒಂದು ಸಾಲು, ಒಬ್ಬರಿಗೆ ಒಂದು ಪುಟ

ನಮ್ಮ ಚರ್ಚ್ ಶಾಲೆಯ ಆಫ್‌ಲೈನ್ ಲ್ಯಾಬ್, ಅಂದರೆ ಇಂಟರ್‌ನೆಟ್ ಇಲ್ಲದೆ ಮಕ್ಕಳು ಟ್ಯಾಬ್‌ಗಳಲ್ಲಿ ಕಲಿಯುವ ಕೋಣೆ, ಒಂದು ಶೈಕ್ಷಣಿಕ ವರ್ಷ ಮುಗಿಸಿದೆ. ಅದು ಹೇಗೆ ಶುರುವಾಯಿತು, ಯಾವ ಅರ್ಜಿ ಯಾವ ಮೇಜಿನ ಮೇಲೆ ಮಲಗಿತ್ತು ಎಂಬುದೆಲ್ಲ ನಿಮಗೆ ಗೊತ್ತಿರುವುದೇ, ಮತ್ತೆ ಬೇಡ. ಹಳೆ ಟ್ಯಾಬ್‌ಗಳನ್ನು ಚಾರ್ಜರ್ ಸಮೇತ ಕಳಿಸಿದ ಕುವೈತ್, ದುಬೈಯ ಹಳೆ ವಿದ್ಯಾರ್ಥಿಗಳಿಗೆ, ಚರ್ಚಿನ ಪಕ್ಕದ ವೆಸ್ಟ್ರಿ ಕೋಣೆಯ ಬೀಗದ ಕೈ ಕೊಟ್ಟ ಸಭಾಪಾಲಕರಿಗೆ, ಟೈಮ್‌ಟೇಬಲ್‌ನಲ್ಲಿ ಪಿರಿಯಡ್ ಹುಡುಕಿಕೊಟ್ಟ ಮುಖ್ಯೋಪಾಧ್ಯಾಯಿನಿಯವರಿಗೆ, ಕಿಟಕಿಗೆ ಪರದೆ ಹೊಲಿದುಕೊಟ್ಟ ತಾಯಂದಿರಿಗೆ ವಂದನೆ.

ಇನ್ನು ಲೈನ್‌ಮನ್ ಅಣ್ಣ. ದೂರವಾಣಿ ಇಲಾಖೆಯಿಂದ ನಿವೃತ್ತರಾದವರು. ತಮ್ಮ ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ.

ಪೋಷಕರ ಪ್ರದರ್ಶನದ ಹಿಂದಿನ ಸಂಜೆ ಸಿಡಿಲಿಗೆ ಎಲ್ಲ ನಿಂತುಹೋದಾಗ ಜನ ಸುಟ್ಟ ನೆಟ್‌ವರ್ಕ್ ಸ್ವಿಚ್ ಸುತ್ತ ನೆರೆದಿದ್ದರು. ಅಣ್ಣ ಟಾರ್ಚ್ ಹಿಡಿದು ಹೊರಗೆ ಹೋಗಿ ಅರ್ಥ್ ಗುಂಡಿಯ (ಹೆಚ್ಚುವರಿ ಕರೆಂಟನ್ನು ನೆಲಕ್ಕಿಳಿಸಲು ಇದ್ದಿಲು, ಉಪ್ಪು ತುಂಬಿದ ಗುಂಡಿ) ಮುಚ್ಚಳ ತೆಗೆದರು. ಸಿಡಿಲು ಕಟ್ಟಡಕ್ಕೆ ಬಡಿದಿರಲಿಲ್ಲ. ಹತ್ತಿರದಲ್ಲೆಲ್ಲೋ ಬಿದ್ದದ್ದರ ಸರ್ಜ್ (ವೋಲ್ಟೇಜಿನ ಹಠಾತ್ ಏರಿಕೆ), ಚರ್ಚ್ ಹಾಲ್‌ಗೂ ಶಾಲೆಗೂ ನಡುವೆ ಎಳೆದಿದ್ದ ತಾಮ್ರದ ಲ್ಯಾನ್ ಕೇಬಲ್ ಹಿಡಿದು ಒಳಗೆ ಬಂದಿತ್ತು. ಎರಡು ಕಟ್ಟಡಕ್ಕೆ ಎರಡು ಪ್ರತ್ಯೇಕ ಅರ್ಥ್ ಇದ್ದರೆ ಸಿಡಿಲಿನ ಕ್ಷಣದಲ್ಲಿ ಅವುಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಏಳಬಹುದು. ಅದು ಹರಿಯಲು ಸಿಗುವ ದಾರಿ ಆ ಕೇಬಲ್. ಲ್ಯಾನ್ ಕೇಬಲ್ 100 ಮೀಟರ್ ತನಕ ಎಳೆಯಬಹುದು ಎಂಬುದು ಸರಿಯೇ, ಆದರೆ ಅದು ಒಂದೇ ಸೂರಿನ ಒಳಗಿನ ಲೆಕ್ಕ. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಹಾಕಬೇಕು, ಎರಡೂ ತುದಿಗೆ ಬೆಳಕಿನ ಸಂಕೇತವನ್ನು ಲ್ಯಾನ್ ಸಂಕೇತಕ್ಕೆ ಬದಲಿಸುವ ಮೀಡಿಯಾ ಕನ್ವರ್ಟರ್. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಲೋಹದ ತಂತಿ ಇಲ್ಲದ ಫೈಬರ್ ಎಂದು ಕೇಳಿಯೇ ತರಬೇಕು, ಕೆಲವದರಲ್ಲಿ ಬಲಕ್ಕೆಂದು ಉಕ್ಕಿನ ತಂತಿ ಸೇರಿಸಿರುತ್ತಾರೆ.

ಗುಂಡಿ ಒಣಗಿ ಬಿರುಕು ಬಿಟ್ಟಿತ್ತು. ನಮ್ಮದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಉಪ್ಪು ಕರಗಿ ಇಳಿದುಹೋಗುತ್ತದೆ, ಮಾರ್ಚ್ ಹೊತ್ತಿಗೆ ಇದ್ದಿಲಿನಲ್ಲಿ ತೇವ ಉಳಿದಿರುವುದಿಲ್ಲ. ಮಳೆಗಾಲಕ್ಕೆ ಮುಂಚಿನ ಗುಡುಗು ಶುರುವಾಗುವುದೂ ಆಗಲೇ. ಅಣ್ಣ ಪ್ಲಗ್‌ನ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮಲ್ಟಿಮೀಟರ್ ಇಟ್ಟು ತೋರಿಸಿದರು. ಲೋಡ್ ಇದ್ದಾಗ ಅಲ್ಲಿ ಎರಡು ಮೂರು ವೋಲ್ಟ್ ದಾಟಬಾರದು, ನಮ್ಮಲ್ಲಿ ಎಷ್ಟೋ ಪಾಲು ಹೆಚ್ಚಿತ್ತು. ಹಾಗಿದ್ದಾಗ ದುಬಾರಿ ಸರ್ಜ್ ಪ್ರೊಟೆಕ್ಟರ್ ಇದ್ದೂ ಇಲ್ಲದ ಹಾಗೆ, ಏಕೆಂದರೆ ಅದು ಹೆಚ್ಚುವರಿ ವೋಲ್ಟೇಜನ್ನು ಎಸೆಯುವುದು ಅರ್ಥ್‌ಗೇ. ಈಗ 2.5 ಮೀಟರ್ ಉದ್ದ, 40 ಮಿಲಿಮೀಟರ್ ವ್ಯಾಸದ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ಒಂದರ ಮೇಲೊಂದು ಪದರವಾಗಿ ತುಂಬಿ, ನೀರು ಹೊಯ್ಯಲು ಮೇಲೆ ಆಲಿಕೆ ಕೂರಿಸಿದ್ದಾರೆ. ಎರಡು ಕಟ್ಟಡಗಳ ಅರ್ಥ್‌ಗಳನ್ನು ಜೋಡಿಸುವ ಕೆಲಸಕ್ಕೆ ಅವರೂ ಕೈ ಹಾಕಲಿಲ್ಲ, ಅದು ಲೈಸೆನ್ಸ್ ಇದ್ದವರದು ಎಂದು ಬಿಟ್ಟರು.

ಅಂಗಳದಲ್ಲಿ ಯಾರೋ "ಎಲ್ಲ ದೇವರ ಚಿತ್ತ" ಅಂದರು. ಅಣ್ಣ ತಲೆ ಎತ್ತದೆ, "ಅದು ಆಮೇಲೆ ನೋಡುವ. ಈ ಗುಂಡಿಗೆ ಕೊನೆಗೆ ನೀರು ಹಾಕಿದ್ದು ಯಾವಾಗ, ಮೊದಲು ಅದು ಹೇಳಿ" ಅಂದರು. ದಿನವೂ ತಪ್ಪದೆ ಆರಾಧನೆಗೆ ಬರುವ ಮನುಷ್ಯ.

ಸರ್ವರ್ ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಅದರಲ್ಲಿ ಇಂಟರ್‌ನೆಟ್ ಇಲ್ಲದೆ ಪಾಠ, ವಿಕಿಪೀಡಿಯ ತೋರಿಸುವ ಕೊಲಿಬ್ರಿ ಮತ್ತು ಕಿವಿಕ್ಸ್. ಅದು ಹೋದರೆ ಹೋಗಲಿ, ಕೊಳ್ಳಬಹುದು. ಆದರೆ ಮಕ್ಕಳು ತಮ್ಮ ಅಜ್ಜ ಅಜ್ಜಿಯರ ಬಾಯಿಂದ ರೆಕಾರ್ಡ್ ಮಾಡಿಕೊಂಡ ಹಾಡು, ಪ್ರಾರ್ಥನೆ, ಗೇರುಬೀಜದ ಕಾರ್ಖಾನೆಯ ನೆನಪುಗಳೂ ಆ ಮೆಮೊರಿ ಕಾರ್ಡಿನಲ್ಲೇ ಇದ್ದವು. ಎರಡನೇ ಪ್ರತಿ ಇದ್ದ ಡಿಸ್ಕ್ ಅದೇ ಬೋರ್ಡಿಗೆ ಚುಚ್ಚಿಕೊಂಡಿತ್ತು, ಜೊತೆಗೇ ಸುಟ್ಟಿತು. ಆ ದನಿಗಳಲ್ಲಿ ಒಬ್ಬರು ಈಗಿಲ್ಲ. ಮೊಮ್ಮಗಳು ಬಾಗಿಲಲ್ಲಿ ನಿಂತು, "ಟೀಚರ್, ಅಜ್ಜಿ ಇದರಲ್ಲಿ ಇದ್ದಾರಲ್ಲ?" ಎಂದಳು. ಅಷ್ಟು ದೊಡ್ಡವರಿದ್ದೆವು, ಒಬ್ಬರಿಗೂ ಉತ್ತರ ಬರಲಿಲ್ಲ. ಪ್ರಾರ್ಥನೆ ಮಾಡೋಣ ಎನ್ನಲೂ ಬಾಯಿ ಬರಲಿಲ್ಲ.

ಬೆಂಗಳೂರಿನಿಂದ ಫೋನಿನಲ್ಲೇ ಕಮಾಂಡ್ ಹೇಳಿದ ನಮ್ಮ ಹಳೆ ವಿದ್ಯಾರ್ಥಿನಿಗೆ ಇಲ್ಲಿ ಕೈಮುಗಿಯುತ್ತೇನೆ. ಅವಳು ಮೊದಲು ಹೇಳಿದ್ದು: ಕೆಟ್ಟ ಕಾರ್ಡಿನ ಮೇಲೆ ರಿಪೇರಿ ಕಮಾಂಡ್ ಓಡಿಸಬೇಡಿ. ಅದು ಕಾರ್ಡಿಗೆ ಬರೆಯುತ್ತದೆ, ಉಳಿದದ್ದೂ ಹಾಳಾಗಬಹುದು. ಮೊದಲು ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಬಳಸಿ ಬೇರೆ ಡಿಸ್ಕಿಗೆ ಇಡೀ ಕಾರ್ಡಿನ ಪ್ರತಿ, ಎಲ್ಲಿ ಓದಿ ಆಯಿತು ಎಂದು ಬರೆದಿಡುವ ಮ್ಯಾಪ್ ಫೈಲ್ ಸಮೇತ. ಮ್ಯಾಪ್ ಇದ್ದರೆ ಮಧ್ಯೆ ನಿಂತರೂ ಅಲ್ಲಿಂದಲೇ ಮುಂದುವರಿಯುತ್ತದೆ. ರಿಪೇರಿ ಏನಿದ್ದರೂ ಆ ಪ್ರತಿಯ ಮೇಲೆ. ಕಾರ್ಡ್ ಬಿಸಿಯಾಗಿ ಓದು ನಿಂತಾಗಲೆಲ್ಲ ಲೈನ್‌ಮನ್ ಅಣ್ಣ ಅದನ್ನು ತೆಗೆದು, ತಣಿಯಲು ಬಿಟ್ಟು, ಮತ್ತೆ ಚುಚ್ಚುತ್ತ ಬೆಳಗಿನ ಗಂಟೆ ಹೊಡೆಯುವ ತನಕ ಕೂತರು. ಕಂಪ್ಯೂಟರ್ ತಮಗೆ ಬಾರದು ಎಂದು ಹೇಳುತ್ತಲೇ ಕೂತರು. ಅಜ್ಜಿಯ ಹಾಡು ಸಿಕ್ಕಿತು, ಎರಡು ಕಡೆ ದನಿ ಕಡಿಯುತ್ತದೆ. ಕೆಲವು ಮಕ್ಕಳ ರೆಕಾರ್ಡಿಂಗ್ ಸಿಗಲೇ ಇಲ್ಲ.

ಈಗ ಸರ್ವರ್ ಕಾರ್ಡಿನ ಬದಲು ಎಸ್‌ಎಸ್‌ಡಿ ಎಂಬ ಗಟ್ಟಿ ಡಿಸ್ಕಿನಿಂದ ಓಡುತ್ತದೆ, 5.1 ವೋಲ್ಟ್ 3 ಆಂಪಿಯರ್‌ನ ಸರಿಯಾದ ಅಡಾಪ್ಟರ್ ಇದೆ (ಫೋನ್ ಚಾರ್ಜರ್ ಹಾಕಿದರೆ ವೋಲ್ಟೇಜ್ ಇಳಿದು ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಬರುತ್ತದೆ, ಕಡೆಗಣಿಸಬೇಡಿ), ಎಲ್ಲದರ ಒಂದು ನಕಲು ಶುಕ್ರವಾರ ಶುಕ್ರವಾರ ಮನೆಗೆ ಹೋಗುತ್ತದೆ. ಪೈಯ ಒಳಗಿನ ವೈಫೈ ಒಂದು ತರಗತಿಯ ಭಾರ ಹೊರದು, ಬೇರೆ ಆ್ಯಕ್ಸೆಸ್ ಪಾಯಿಂಟ್ (ವೈಫೈ ಹರಡುವ ಪೆಟ್ಟಿಗೆ) ಬೇಕೇ ಬೇಕು.

ಗುಂಡಿಯ ಬಳಿ ಅಣ್ಣ ಕೇಳಿದ ಪ್ರಶ್ನೆ, ಅಂದರೆ ಒಪ್ಪುವ ಮೊದಲು ಪರೀಕ್ಷಿಸಿ ನೋಡುವ ಅಭ್ಯಾಸ, ಈಗ ತರಗತಿಗೂ ಬಂದಿದೆ. ಅದಕ್ಕೆ ರೂಪ ಕೊಟ್ಟವರು ಗ್ರಂಥಾಲಯ ನೋಡಿಕೊಳ್ಳುವ ಕನ್ನಡ ಟೀಚರ್. ಅಪೊಸ್ತಲರ ಕೃತ್ಯಗಳು 17:11ರಲ್ಲಿ ಬೆರೋಯದವರು ಪೌಲನ ಮಾತನ್ನೂ ಶಾಸ್ತ್ರ ತೆರೆದು ನೋಡಿಯೇ ಒಪ್ಪುತ್ತಾರೆ. ಪೌಲನಿಗೇ ಆ ವಿನಾಯಿತಿ ಇಲ್ಲದಿದ್ದರೆ ಚಾಟ್‌ಬಾಟ್‌ಗೆ ಯಾಕೆ? ಟೀಚರ್ ಹತ್ತು ವಚನ ಕೊಡುತ್ತಾರೆ, ಮೂರು ಸುಳ್ಳು. ಮಕ್ಕಳು ಮುದ್ರಿತ ಬೈಬಲಿನಲ್ಲಿ ಹುಡುಕಬೇಕು, ಹಿಂದಿನ ಮುಂದಿನ ಎರಡೆರಡು ವಚನ ಓದಬೇಕು. "ತನಗೆ ತಾನೇ ಸಹಾಯ ಮಾಡಿಕೊಳ್ಳುವವನಿಗೆ ದೇವರು ಸಹಾಯ ಮಾಡುತ್ತಾನೆ" ಎಂಬುದಕ್ಕೆ ಎಲ್ಲರೂ ಬೀಳುತ್ತಾರೆ, ಅದು ಬೈಬಲಿನಲ್ಲಿ ಇಲ್ಲ. ಕ್ರಿಸ್ಮಸ್‌ಗೆ ಎಐ ಬಿಡಿಸಿದ ಚಿತ್ರದಲ್ಲಿ ಗೋದಲಿಯ ಮುಂದೆ ಮೂವರು ಜ್ಞಾನಿಗಳು ನಿಂತಿದ್ದರು. ಮತ್ತಾಯ 2ರಲ್ಲಿ ಜ್ಞಾನಿಗಳು ಎಷ್ಟು ಜನ ಎಂದೇ ಇಲ್ಲ, ಅವರು ಬಂದದ್ದು ಮನೆಗೆ. ಇದನ್ನು ಹಿಡಿದದ್ದು ಏಳನೇ ತರಗತಿಯ ಹುಡುಗ, ಸಭೆಯ ಹಿರಿಯರಲ್ಲ.

ಹಾಡಿನ ಪುಸ್ತಕವನ್ನು ಹಳೆಯ ನುಡಿ ತಂತ್ರಾಂಶದ ಫೈಲಿನಿಂದ ಯೂನಿಕೋಡ್‌ಗೆ ತಂದದ್ದೂ ಈ ಕನ್ನಡ ಟೀಚರೇ. ಹಳೆ ಎನ್‌ಕೋಡಿಂಗ್‌ನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ಮೊದಲು ಬರಬೇಕು. ಕನ್ವರ್ಟರ್ ಎಡವುವುದು ಅಲ್ಲೇ, ಹಾಗಾಗಿ ಕರ್ತ, ಧರ್ಮ, ಸ್ವರ್ಗ ಇರುವ ಸಾಲುಗಳನ್ನು ಕಣ್ಣಿಟ್ಟು ನೋಡಬೇಕು. ಹಾಡಿನ ಪುಸ್ತಕದಲ್ಲಿ ಅವಿಲ್ಲದ ಪುಟ ಯಾವುದು!

ಪ್ರಾರ್ಥನಾ ವಿನಂತಿಗಳನ್ನು ವಾಟ್ಸಾಪ್ ಗುಂಪಿಗೂ ಆನ್‌ಲೈನ್ ಫಾರ್ಮಿಗೂ ಹಾಕಬಾರದು ಎಂದು ಪಟ್ಟು ಹಿಡಿದ ಪೋಷಕರೊಬ್ಬರಿಗೆ ಋಣಿ. ಮಕ್ಕಳು ಅಪ್ಪನ ಕುಡಿತ, ಅಮ್ಮನ ಸಾಲ ಎಲ್ಲ ಬರೆಯುತ್ತಾರೆ. ಚೀಟಿ ಪೆಟ್ಟಿಗೆ ಸಾಕು, ವಾರದ ಕೊನೆಗೆ ಸುಟ್ಟುಬಿಡುತ್ತೇವೆ. ಬೈಬಲ್ ಆ್ಯಪ್‌ನ ಸ್ಟ್ರೀಕ್‌ಗೂ (ದಿನ ತಪ್ಪದೆ ತೆರೆದದ್ದರ ಎಣಿಕೆ) ಅಂಕವಿಲ್ಲ, ಪ್ರಾರ್ಥನೆಯ ಹೊತ್ತಿಗೆ ಕೀಬೋರ್ಡಿನ ಬಿ ಒತ್ತಿ ಸ್ಲೈಡ್ ಕಪ್ಪು ಮಾಡುತ್ತೇವೆ. ಸಂವಿಧಾನದ 28(3)ನೇ ವಿಧಿಯ ಪ್ರಕಾರ ಧರ್ಮಬೋಧೆಗೆ ಪೋಷಕರ ಒಪ್ಪಿಗೆ ಬೇಕು, ಹಾಗಾಗಿ ಜೂನ್‌ನಲ್ಲೇ ಚೀಟಿ ಕಳಿಸುತ್ತೇವೆ. ಒಪ್ಪದವರ ಮಕ್ಕಳಿಗೆ ಅದೇ ಪಿರಿಯಡ್‌ನಲ್ಲಿ ನೀತಿಪಾಠ, ಅವೇ ಟ್ಯಾಬ್.

ರಜೆಗೆ ಟ್ಯಾಬ್‌ಗಳನ್ನು ಅರ್ಧ ಚಾರ್ಜಿನಲ್ಲಿ ಆಫ್ ಮಾಡಿ ಇಟ್ಟಿದ್ದೇವೆ, ತುಂಬಿಸಿ ಇಡಬಾರದು, ಪೂರ್ತಿ ಇಳಿಸಿಯೂ ಇಡಬಾರದು. ಗುಂಡಿಗೆ ಮಳೆ ಹಿಡಿಯುವ ತನಕ ಶನಿವಾರ ಶನಿವಾರ ಎರಡು ಕೊಡ ನೀರು, ಪಾಳಿಯ ಪಟ್ಟಿ ವೆಸ್ಟ್ರಿಯ ಬಾಗಿಲಲ್ಲಿದೆ. ಲೈನ್‌ಮನ್ ಅಣ್ಣನ ಹೆಸರು ಅದರಲ್ಲಿ ಬರೆಯಬೇಡಿ, ಅವರ ಮೊಣಕಾಲು ನೋಯುತ್ತಿದೆ. ಅವರ ಮಲ್ಟಿಮೀಟರ್ ಒಯ್ದವರು ದಯವಿಟ್ಟು ತಂದುಕೊಡಿ.