ಮಗಳಿಗೊಂದು ಪತ್ರ: ಎರಡನೆಯ ಸಂಗೀತ ಕಚೇರಿಯ ಬಗ್ಗೆ

ಮೈಸೂರು

ಪ್ರೀತಿಯ ಮಗಳೇ,

ಪಿಟೀಲಿಗಿಂತ ತುಸು ದೊಡ್ಡದಾದ ಆ ವಯೋಲಾ ವಾದ್ಯವನ್ನು ಕೊಳ್ಳಲೆಂದು ಕೂಡಿಟ್ಟು ನಾನು ನಿನಗೆ ಕೊಟ್ಟಿದ್ದ ಹಣದಲ್ಲಿ ಇಬ್ಬರು ಯುವ ಕಂಪೋಸರ್‌ಗಳಿಂದ ನಿಮ್ಮ ನಾಲ್ವರ ವಾದ್ಯತಂಡವಾದ ಕ್ವಾರ್ಟೆಟ್‌ಗಾಗಿ ಹೊಸ ಕೃತಿಗಳನ್ನು ಬರೆಸುತ್ತೇನೆ ಎಂದು ನೀನು ಭಾನುವಾರ ತಿಳಿಸಿದ ಮೇಲೆ ನಮ್ಮಿಬ್ಬರ ನಡುವೆ ನಡೆದ ಮಾತನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅದು ನಿನಗೂ ನೆನಪಿದೆ, ನನಗೂ ನೆನಪಿದೆ. ನನ್ನ ದನಿ ಏರಿದ್ದಕ್ಕೆ ಕ್ಷಮೆ ಇರಲಿ. ಹೇಳಬೇಕೆಂದಿದ್ದ ವಿಷಯ ಮಾತ್ರ ಹಾಗೆಯೇ ಉಳಿದುಹೋಯಿತು, ಅದನ್ನು ನಿಧಾನವಾಗಿ ಹೇಳಲು ಈ ಪತ್ರ ಬರೆಯುತ್ತಿದ್ದೇನೆ.

ನೀನು ಈಗ ನುಡಿಸುತ್ತಿರುವ ವಯೋಲಾ ಕಾಲೇಜಿನವರು ಎರವಲು ಕೊಟ್ಟದ್ದು, ಮುಂದಿನ ವರ್ಷ ಅದನ್ನು ಹಿಂದಿರುಗಿಸಬೇಕು ಎಂಬ ಯೋಚನೆ ನನ್ನ ನಿದ್ದೆ ಕೆಡಿಸಿರುವುದು ನಿಜ. ಆದರೆ ಭಾನುವಾರ ನನ್ನನ್ನು ಕಲಕಿದ್ದು ಅದೊಂದೇ ಆಗಿರಲಿಲ್ಲ. ಬಾಸ್ಟನ್ನಿನಲ್ಲಿ ನಿನ್ನ ಮನೆಯ ಕಪಾಟಿನಲ್ಲಿ ನೋಡಿದ ಆ ಕಂದು ಬಣ್ಣದ ಲಕೋಟೆ ನನ್ನ ಮನಸ್ಸಿನಿಂದ ಹೋಗುತ್ತಲೇ ಇಲ್ಲ.

ನಾವು ಅಲ್ಲಿಗೆ ಬಂದಿದ್ದಾಗ ನಿಮ್ಮ ಹಜಾರದಲ್ಲಿ ನಡೆದ ರಿಹರ್ಸಲ್ಲನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಉದ್ದಕ್ಕೂ ನೋಡಿದೆ. ಆ ಹುಡುಗ, ಕಾಲೇಜು ಮುಗಿಸಿ ಇನ್ನೂ ಎಲ್ಲಿಯೂ ನೆಲೆ ನಿಲ್ಲದ ಕಂಪೋಸರ್, ನಾಲ್ಕೂ ವಾದ್ಯಗಳ ಸ್ವರಗಳನ್ನು ಒಟ್ಟಿಗೆ ಬರೆದ ಸ್ಕೋರನ್ನು ನೆಲದ ಮೇಲೆ ಹರಡಿಕೊಂಡು ಕುಳಿತಿದ್ದ. ಕೃತಿಯ ನಡುವೆ ಒಂದು ಕಡೆ ನೀನು ಜೋರಾಗಿ ನುಡಿಸುತ್ತಿದ್ದುದನ್ನು ನಿಲ್ಲಿಸಿ, ಮರುಕ್ಷಣವೇ ದನಿ ತಗ್ಗಿಸುವ ಮ್ಯೂಟ್ ಹಾಕಿ, ಕಮಾನನ್ನು ತಂತಿಗಳನ್ನು ಹೊತ್ತ ಮರದ ಕುದುರೆಯ ಹತ್ತಿರಕ್ಕೆ ಒಯ್ದು, ಬಹಳ ಮೆಲ್ಲಗೆ ಮತ್ತೆ ಆರಂಭಿಸಬೇಕಿತ್ತು. ಆ ಪುಟ್ಟ ರಬ್ಬರ್ ತುಂಡನ್ನು ತಂತಿಗಳ ಮೇಲೆ ಜಾರಿಸಿ ಕುದುರೆಗೆ ಸಿಕ್ಕಿಸುವಷ್ಟರಲ್ಲಿ ನಿನ್ನ ಸ್ವರಗಳು ಬಂದು ಹೋಗಿಬಿಡುತ್ತಿದ್ದವು. ಹಲವು ಬಾರಿ ಪ್ರಯತ್ನಿಸಿ, ಆಗುವುದಿಲ್ಲ ಎಂದು ನೀನು ತಲೆಯಾಡಿಸಿದೆ. ಅವನು ಪೆನ್ಸಿಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಿನ್ನ ಸಾಲಿನ ನಾಲ್ಕು ಸ್ವರಗಳನ್ನು ಅಳಿಸಿ ಎರಡನೆಯ ವಯೊಲಿನ್‌ಗೆ ಕೊಟ್ಟು, ನಿನಗೆ ಅರ್ಧ ಬಾರ್‌ನಷ್ಟು, ನಮ್ಮ ಅರ್ಧ ಆವರ್ತದಂಥದ್ದು, ವಿರಾಮ ಬರೆದ. ಮತ್ತೆ ನುಡಿಸಿದಾಗ ನಿನ್ನ ದನಿ ತಡವಾಗಿ, ಎಲ್ಲಿಂದಲೋ ಬಂದು ಸೇರಿಕೊಂಡಂತೆ ಕೇಳಿಸಿತು. ಆ ಸಂಗೀತದ ಶಾಸ್ತ್ರ ತಿಳಿಯದ ನನಗೂ ಕೃತಿ ಮೊದಲಿಗಿಂತ ಚೆನ್ನಾಯಿತೆಂದು ಗೊತ್ತಾಯಿತು. ನುಡಿಸುವವರು ಮತ್ತು ಬರೆಯುವವರು ಒಂದೇ ಕೋಣೆಯಲ್ಲಿ ಕುಳಿತಾಗ ಏನಾಗುತ್ತದೆ ಎಂಬುದನ್ನು ನಾನು ಅಂದು ಕಣ್ಣಾರೆ ಕಂಡೆ, ಮತ್ತು ಅದರಲ್ಲಿ ನನ್ನ ಮಗಳ ಕೈಯೂ ಇತ್ತೆಂದು ಹೆಮ್ಮೆಪಟ್ಟೆ. ಆ ಹೆಮ್ಮೆಯನ್ನು ನಿನಗೆ ಯಾವತ್ತೂ ಹೇಳಿದ ನೆನಪಿಲ್ಲ, ಈಗ ಹೇಳುತ್ತಿದ್ದೇನೆ.

ಕಚೇರಿ ನಡೆಯಿತು, ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು, ಆ ಹುಡುಗ ವೇದಿಕೆಗೆ ಬಂದು ನಿಮ್ಮ ನಾಲ್ವರ ಕೈಕುಲುಕಿದ. ಮಾರನೆಯ ಬೆಳಿಗ್ಗೆ ನೀನು ಆ ನಾಲ್ಕು ವಾದ್ಯಗಳ ಹಾಳೆಗಳನ್ನು ಜೋಡಿಸಿ ಲಕೋಟೆಗೆ ಹಾಕಿ, ಮೇಲೆ ಅವನ ಹೆಸರು ಬರೆದು, ಕಪಾಟಿನಲ್ಲಿ ಅಂಥದ್ದೇ ಬೇರೆ ಲಕೋಟೆಗಳ ಪಕ್ಕದಲ್ಲಿ ಇಟ್ಟೆ. ಮುಂದಿನ ವರ್ಷ ಫೋನಿನಲ್ಲಿ ನಾನು ಕೇಳಿದೆ, ಆ ಹುಡುಗನ ಕೃತಿಯನ್ನು ಮತ್ತೆ ಎಲ್ಲಾದರೂ ನುಡಿಸಿದಿರಾ ಎಂದು. ಇಲ್ಲ ಅಪ್ಪ, ಎಲ್ಲರೂ ಮೊದಲ ಪ್ರದರ್ಶನವನ್ನೇ ಬಯಸುತ್ತಾರೆ ಎಂದೆ. ನೀನು ಅದನ್ನು ಮಾಮೂಲಿ ಸಂಗತಿಯಂತೆ ಹೇಳಿದೆ, ನನಗೆ ಮಾತ್ರ ಅದು ಇಂದಿಗೂ ಅರಗಿಲ್ಲ. ತಿಂಗಳುಗಟ್ಟಲೆ ಕುಳಿತು ಬರೆದದ್ದು, ನೀವು ವಾರಗಟ್ಟಲೆ ತಿದ್ದಿ ತೀಡಿದ್ದು, ಆ ಅರ್ಧ ಬಾರ್‌ನ ವಿರಾಮ, ಎಲ್ಲವೂ ಒಂದೇ ಸಂಜೆಗೆ ಮುಗಿದು ಲಕೋಟೆ ಸೇರುವುದಾದರೆ ಹಣ ಕೊಟ್ಟು ಬರೆಸಿದ್ದರ ಅರ್ಥವೇನು? ಅನುದಾನ ಕೊಡುವವರಿಗೆ ಮೊದಲ ಪ್ರದರ್ಶನ ಬೇಕು, ಉತ್ಸವ ನಡೆಸುವವರಿಗೂ ಅದೇ ಬೇಕು, ಪತ್ರಿಕೆಗಳು ಬರೆಯುವುದೂ ಅದರ ಬಗ್ಗೆಯೇ. ಎರಡನೆಯ ಕಚೇರಿಗೆ ದಿಕ್ಕಿಲ್ಲ.

ನಾವು ಕೇಳಿ ಬೆಳೆದ ಸಂಗೀತದಲ್ಲಿ ಇದು ಹೀಗಿಲ್ಲ ಎಂಬುದು ನಿನಗೆ ಗೊತ್ತು. ಮೈಸೂರು ವಾಸುದೇವಾಚಾರ್ಯರ ಖಮಾಚ್ ರಾಗದ ಕೃತಿಯನ್ನು ಮೊದಲು ಯಾರು ಹಾಡಿದರೆಂದು ಕಚೇರಿಗೆ ಬಂದವರು ವಿಚಾರಿಸುವುದಿಲ್ಲ. ಅದನ್ನು ಸಾವಿರಾರು ಕೊರಳುಗಳು ಹಾಡುತ್ತಾ ಬಂದಿರುವುದರಿಂದಲೇ ಅದು ಇಂದಿಗೂ ಇದೆ. ಕೆಲವೇ ವಾದ್ಯಗಳಿಗೆಂದು ಬರೆಯುವ ಪಶ್ಚಿಮದ ಚೇಂಬರ್ ಸಂಗೀತವೂ ಬದುಕಿದ್ದು ಮರುನುಡಿಸಾಣಿಕೆಯಿಂದಲೇ. 1822ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ರಾಜಕುಮಾರ ನಿಕೊಲಾಯ್ ಗಲಿತ್ಸಿನ್, ಸ್ವತಃ ಚೆಲ್ಲೊ ನುಡಿಸುತ್ತಿದ್ದವನು, ಒಂದೋ ಎರಡೋ ಮೂರೋ ಹೊಸ ಕ್ವಾರ್ಟೆಟ್‌ಗಳನ್ನು, ಅಂದರೆ ನಾಲ್ಕು ವಾದ್ಯಗಳ ಕೃತಿಗಳನ್ನು, ಬರೆದುಕೊಡಿ ಎಂದು ಬೀಥೋವನ್‌ಗೆ ಪತ್ರ ಬರೆದ. ಒಂದಕ್ಕೆ ಐವತ್ತು ಡ್ಯುಕಾಟ್ ಚಿನ್ನದ ನಾಣ್ಯ ಎಂದು ಬೀಥೋವನ್ ಬೆಲೆ ಹೇಳಿದ. ಮೂರು ಕ್ವಾರ್ಟೆಟ್‌ಗಳೂ 1825ರ ಹೊತ್ತಿಗೆ ಸಿದ್ಧವಾದವು, ಹಣ ಮಾತ್ರ ಪೂರ್ತಿ ಬರಲಿಲ್ಲ. 1827ರಲ್ಲಿ ಬೀಥೋವನ್ ಕಣ್ಣು ಮುಚ್ಚಿದಾಗಲೂ ಬಾಕಿ ಉಳಿದಿತ್ತು. ಬ್ಯಾಂಕಿನಲ್ಲಿ ಬದುಕು ಕಳೆದ ನನಗೆ ಆ ಬಾಕಿಯ ಬಗ್ಗೆ ಸಿಟ್ಟು ಬರುತ್ತದೆ. ಆದರೂ ಆ ಪತ್ರ ಬರೆಯಲು ಒಬ್ಬ ಗಲಿತ್ಸಿನ್ ಇರದಿದ್ದರೆ ಬೀಥೋವನ್ ಕ್ವಾರ್ಟೆಟ್‌ಗೆ ಆಗ ಮರಳುತ್ತಿದ್ದನೋ ಇಲ್ಲವೋ ಹೇಳಲಾಗದು.

ನಮ್ಮ ಊರಿನ ದೊರೆಯ ವಿಷಯವನ್ನೂ ನೀನು ಮರೆಯಬಾರದು. ಜಯಚಾಮರಾಜ ಒಡೆಯರ್ ಇನ್ನೂ ಮೂವತ್ತರ ಆಸುಪಾಸಿನಲ್ಲಿದ್ದಾಗ, ಲಂಡನ್ನಿನಲ್ಲಿ ಕಷ್ಟದಲ್ಲಿದ್ದ ರಷ್ಯದ ಕಂಪೋಸರ್ ನಿಕೊಲಾಯ್ ಮೆಟ್ನರ್‌ನ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಕೊಟ್ಟು ಮೆಟ್ನರ್ ಸೊಸೈಟಿಯನ್ನು ಕಟ್ಟಿದರು. ದಶಕಗಳ ಕಾಲ ಬರೆಯುತ್ತಾ ಬಂದಿದ್ದ ಐದು ವಾದ್ಯಗಳ ಪಿಯಾನೊ ಕ್ವಿಂಟೆಟ್ಟನ್ನು ಮೆಟ್ನರ್ ತನ್ನ ಕೊನೆಗಾಲದಲ್ಲಿ ಮುಗಿಸಿ, ತಾನೇ ನುಡಿಸಿ ಧ್ವನಿಮುದ್ರಿಸಿದ್ದು ಆ ನೆರವಿನಿಂದ; ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಅವನು ಮಹಾರಾಜರಿಗೇ ಅರ್ಪಿಸಿದ. ಅವನು ತೀರಿಕೊಂಡದ್ದು 1951ರಲ್ಲಿ. ಆ ಕಾಲ ಮೀರಿದ್ದರೆ ಮೆಟ್ನರ್ ತನ್ನ ಸಂಗೀತವನ್ನು ಹೇಗೆ ನುಡಿಸುತ್ತಿದ್ದನೆಂದು ನಮಗೆ ಇಷ್ಟು ವಿವರವಾಗಿ ತಿಳಿಯುತ್ತಿರಲಿಲ್ಲ. ಒಡೆಯರ್ ಅವರದು ಬರೆದಾಗಿದ್ದನ್ನು ಉಳಿಸುವ ಕೆಲಸ, ನಿನ್ನದು ಇನ್ನೂ ಬರೆಯದಿರುವುದಕ್ಕೆ ಹಣ ಹಾಕುವ ಕೆಲಸ. ನಿನ್ನದು ಹೆಚ್ಚು ಧೈರ್ಯದ್ದು ಎಂದು ಒಪ್ಪಿಕೊಳ್ಳುತ್ತೇನೆ. ಅವರ ಹತ್ತಿರ ಸಂಸ್ಥಾನವಿತ್ತು, ನಿನ್ನ ಹತ್ತಿರ ಸ್ವಂತದ್ದೊಂದು ವಯೋಲಾ ಕೂಡ ಇಲ್ಲ ಎಂಬುದನ್ನು ಹೇಳದಿರಲು ಮಾತ್ರ ನನ್ನಿಂದಾಗದು.

ಯುವಕರನ್ನು ನಂಬಿದ್ದರಿಂದ ಒಳ್ಳೆಯದೇ ಆಗಿದೆ, ಅದರಲ್ಲಿ ನನಗೆ ಸಂದೇಹವಿಲ್ಲ. ಅಮೆರಿಕದ ಸಂಗೀತ ಪೋಷಕಿ ಎಲಿಜಬೆತ್ ಸ್ಪ್ರೇಗ್ ಕೂಲಿಜ್ ಬಾರ್ಟೋಕ್‌ನಂಥ ಹೆಸರಾಂತವರಿಂದ ಐದನೆಯ ಕ್ವಾರ್ಟೆಟ್ ಬರೆಸಿದಂತೆಯೇ 1941ರಲ್ಲಿ ಇನ್ನೂ ಇಪ್ಪತ್ತೇಳರ ಬೆಂಜಮಿನ್ ಬ್ರಿಟನ್‌ನಿಂದ ಅವನ ಮೊದಲನೆಯ ಸಂಖ್ಯೆಯ ಕ್ವಾರ್ಟೆಟ್ಟನ್ನೂ ಬರೆಸಿದಳು. ನೀನು ಸದಾ ಹೇಳುವ ಅಮೆರಿಕದ ಕ್ರೋನೋಸ್ ಕ್ವಾರ್ಟೆಟ್ ತಂಡ 1973ರಲ್ಲಿ ಬರೆಸಿದ ಮೊದಲ ಕೃತಿಗೆ ಕೆನ್ ಬೆನ್‌ಶೂಫ್‌ಗೆ ಸಂದ ಸಂಭಾವನೆ ಒಂದು ಚೀಲ ಡೋನಟ್. ಅದೇ ತಂಡ 2003ರಲ್ಲಿ ಮೂವತ್ತು ತುಂಬದವರಿಗೆಂದೇ ಒಂದು ಯೋಜನೆ ಆರಂಭಿಸಿ, ಇನ್ನೂ ಓದುತ್ತಿದ್ದ ಅಲೆಕ್ಸಾಂಡ್ರಾ ಡು ಬೊಯ್ ಎಂಬ ಹುಡುಗಿಯನ್ನು ಮೊದಲಿಗೆ ಆರಿಸಿತು. ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು ಅವರು 2015ರಲ್ಲಿ ತೊಡಗಿದ ಕೆಲಸ. ಐವತ್ತು ಕಂಪೋಸರ್‌ಗಳಿಂದ ಐವತ್ತು ಹೊಸ ಕೃತಿಗಳನ್ನು ಬರೆಸಿ, ಸ್ಕೋರ್, ನಾಲ್ಕೂ ವಾದ್ಯಗಳ ಹಾಳೆಗಳು, ತಾವೇ ನುಡಿಸಿದ ಧ್ವನಿಮುದ್ರಣ, ಎಲ್ಲವನ್ನೂ ಯಾರು ಬೇಕಾದರೂ ಉಚಿತವಾಗಿ ಪಡೆಯುವಂತೆ ಇಟ್ಟರು. ನಮ್ಮ ಪಿಟೀಲು ವಾದಕಿ ಕಲಾ ರಾಮನಾಥ್ ಅವರ ಕೃತಿಯೂ ಆ ಐವತ್ತರಲ್ಲಿ ಇದೆ. ಎಲ್ಲೋ ಒಂದು ಊರಿನ ಕಾಲೇಜಿನಲ್ಲಿ ನಾಲ್ವರು ಹುಡುಗರು ಅದನ್ನು ತೆಗೆದುಕೊಂಡು ನುಡಿಸಬಹುದು. ನಾನು ಹೇಳುತ್ತಿರುವ ಎರಡನೆಯ ಕಚೇರಿಗೆ ಅವರು ಬಾಗಿಲು ತೆರೆದಿಟ್ಟಿದ್ದಾರೆ.

ಸಾಲ ವಿಭಾಗದಲ್ಲಿದ್ದಾಗ ನಾನು ಕಂಡದ್ದು ಇದನ್ನೇ: ರೈತನಿಗೆ ಪಂಪ್‌ಸೆಟ್ ಸಾಲ ಮಂಜೂರು ಮಾಡುವ ದಿನ ಎಲ್ಲರೂ ಹಾಜರಿರುತ್ತಾರೆ, ಆರು ತಿಂಗಳ ಮೇಲೆ ಅದು ನೀರೆತ್ತುತ್ತಿದೆಯೇ ಎಂದು ತೋಟಕ್ಕೆ ಹೋಗಿ ನೋಡುವವರು ಕಡಿಮೆ. ಆದ್ದರಿಂದ ನೀನು ಬೇಡವೆಂದರೂ ಕೆಲವು ಮಾತು ಹೇಳುತ್ತೇನೆ. ಒಬ್ಬಳೇ ಪೂರ್ತಿ ಹಣ ಹಾಕಬೇಡ. ಬೇರೆ ಊರುಗಳ ಮೂರು ನಾಲ್ಕು ಕ್ವಾರ್ಟೆಟ್‌ಗಳು ಸಂಭಾವನೆಯನ್ನು ಹಂಚಿಕೊಂಡು ಒಟ್ಟಾಗಿ ಬರೆಸುವ ಪದ್ಧತಿ ನಿಮ್ಮಲ್ಲಿ ಇದೆ ಎಂದು ನೀನೇ ಹೇಳಿದ್ದೆ. ಹಾಗೆ ಮಾಡಿದರೆ ಕೃತಿ ಹುಟ್ಟುವ ಮೊದಲೇ ಅದಕ್ಕೆ ಮೂರು ನಾಲ್ಕು ಕಚೇರಿಗಳು ಗೊತ್ತಾಗಿರುತ್ತವೆ, ನಿನ್ನ ಗಂಟೂ ಅರ್ಧದಷ್ಟಾದರೂ ಉಳಿದು ವಯೋಲಾ ಕಡೆಗೆ ಬರುತ್ತದೆ. ಮೊದಲ ಪ್ರದರ್ಶನದ ಹಕ್ಕು ನಿಮ್ಮದಾಗಿರಲಿ, ಆದರೆ ನಿಮ್ಮ ಹೊರತು ಯಾರೂ ನುಡಿಸಬಾರದು ಎಂಬ ಅವಧಿಯನ್ನು ಆದಷ್ಟು ಚಿಕ್ಕದಾಗಿಡು, ಏಕೆಂದರೆ ಆ ಷರತ್ತು ಬೇರೆಯವರ ಕೈ ಕಟ್ಟುತ್ತದೆ. ಕೃತಿಸ್ವಾಮ್ಯ ಬರೆದವರ ಬಳಿಯೇ ಇರಲಿ. ಅರ್ಧ ಹಣವನ್ನು ಸಹಿ ಹಾಕಿದ ದಿನವೇ ಕೊಡು. ಮನೆ ಬಾಡಿಗೆಯ ಚಿಂತೆಯಲ್ಲಿರುವವರು ನಿಶ್ಚಿಂತೆಯಿಂದ ಬರೆಯಲಾರರು. ಪ್ರತಿ ವಾದ್ಯದ ಹಾಳೆಗಳನ್ನು ಬಿಡಿಸಿ ಸಿದ್ಧಪಡಿಸುವ ಖರ್ಚನ್ನು ಅವರ ತಲೆಗೆ ಕಟ್ಟಬೇಡ. ಕೃತಿ ಅರ್ಧವಾದಾಗ ಒಮ್ಮೆ ಎಲ್ಲರೂ ಕುಳಿತು ನುಡಿಸಿ ನೋಡುವುದನ್ನು ಬಾಯಿಮಾತಿಗೆ ಬಿಡದೆ ಒಪ್ಪಂದದಲ್ಲೇ ಬರೆದುಕೊಳ್ಳಿ, ಏಕೆಂದರೆ ಆ ಮ್ಯೂಟ್‌ನಂಥ ತೊಡಕುಗಳು ತಿಳಿಯುವುದು ಆಗಲೇ. ನಾನು ಉಪದೇಶಕ್ಕಿಳಿದೆ ಎಂದು ನಿನಗೆ ಅನ್ನಿಸುತ್ತಿರಬಹುದು, ಆದರೂ ಇದನ್ನೆಲ್ಲ ಬರೆಯದೆ ಈ ಪತ್ರ ಕಳುಹಿಸಲಾರೆ.

ಮತ್ತೆ ಆ ಲಕೋಟೆಯ ಮಾತಿಗೇ ಬರುತ್ತಿದ್ದೇನೆ. ಹೊಸಬರಿಗೆ ಹಣ ಕೊಡುವ ಮೊದಲು ಆ ಹುಡುಗನ ಕೃತಿಯನ್ನು ಹೊರತೆಗೆ. ನಿಮ್ಮ ಮುಂದಿನ ಯಾವುದಾದರೂ ಕಚೇರಿಯಲ್ಲಿ ಅದನ್ನು ನುಡಿಸಿ, ಸಭಾಂಗಣ ಚಿಕ್ಕದಾದರೂ ಸರಿ, ಮೂವತ್ತು ಜನ ಬಂದರೂ ಸರಿ. ತಾನು ಬರೆದದ್ದನ್ನು ಎರಡನೆಯ ಸಲ ಕೇಳಿದಾಗ ಅವನಿಗೆ ಏನು ಹೊಳೆಯುತ್ತದೋ ಅದು ಅವನ ಮುಂದಿನ ಕೃತಿಗೆ ಬರುತ್ತದೆ. ಒಂದೇ ಸಲ ಕೇಳಿದವನಿಗೆ ಮೊದಲ ದಿನದ ಗಾಬರಿ ಬಿಟ್ಟು ಬೇರೇನು ಉಳಿದಿರುತ್ತದೆ? ಅವನು ಈಗ ಎಲ್ಲಿದ್ದಾನೆ, ಬರೆಯುತ್ತಿದ್ದಾನೋ ಬಿಟ್ಟುಬಿಟ್ಟನೋ ಎಂದು ನಾನು ಆಗಾಗ ಯೋಚಿಸುತ್ತೇನೆ. ನಾಳೆ ನಿನ್ನ ವಯಸ್ಸಿನ ಆ ಇಬ್ಬರ ಹೆಸರನ್ನೂ ಲಕೋಟೆಗಳ ಮೇಲೆ ಬರೆದು ಅದೇ ಕಪಾಟಿನಲ್ಲಿಟ್ಟರೆ ಎಂಬ ಭಯವೇ ನನ್ನನ್ನು ಭಾನುವಾರ ಹಾಗೆ ಮಾತನಾಡಿಸಿದ್ದು.

ಹಣ ನಿನ್ನದು, ಅದನ್ನು ಕೊಟ್ಟಾಗಲೇ ನಾನು ಕೈ ತೊಳೆದುಕೊಂಡೆ, ಆದ್ದರಿಂದ ನಿನ್ನನ್ನು ತಡೆಯುವುದಿಲ್ಲ. ಎರಡನೆಯ ಮತ್ತು ಮೂರನೆಯ ಕಚೇರಿಗಳಿಗೆ ನೀವು ನಾಲ್ವರೂ ಹೋಗಿಬರುವ ಖರ್ಚನ್ನು ನಾನು ಬೇರೆಯಾಗಿ ಕಳುಹಿಸುತ್ತೇನೆ, ಬೇಡ ಎನ್ನಬೇಡ. ಸಹಿ ಹಾಕುವ ಮೊದಲು ಒಪ್ಪಂದದ ಕರಡನ್ನು ಒಮ್ಮೆ ನನಗೆ ತೋರಿಸು, ಹಣ ಪಾವತಿಯ ಪುಟವನ್ನು ಮಾತ್ರ ಓದುತ್ತೇನೆ, ಸಂಗೀತದ ವಿಷಯಕ್ಕೆ ಕೈ ಹಾಕುವುದಿಲ್ಲ. ವಯೋಲಾ ಹಿಂದಿರುಗಿಸಬೇಕಾದ ತಾರೀಖು ಯಾವುದು, ಅಷ್ಟರೊಳಗೆ ಇನ್ನೊಂದು ವಾದ್ಯ ಎರವಲು ಸಿಗುವ ದಾರಿ ಇದೆಯೇ ಎಂಬುದನ್ನೂ ಬರೆ. ಅಮ್ಮ ದಿನವೂ ಕೇಳುತ್ತಿದ್ದಾಳೆ, ಅವಳಿಗೆ ಕೊಡಲು ನನ್ನಲ್ಲಿ ಉತ್ತರವಿಲ್ಲ.

ಆಶೀರ್ವಾದಗಳೊಂದಿಗೆ,
ಅಪ್ಪ