ತಲೆಪೆಟ್ಟಿನ ಸಿ.ಟಿ. ಸ್ಕ್ಯಾನ್: ನಮ್ಮ ಕೇಂದ್ರದ ಹೊಸ ಕ್ರಮ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ತಲೆಗೆ ಸಣ್ಣ ಪೆಟ್ಟು ಬಿದ್ದವರು ನೇರವಾಗಿ ಬಂದು ಕೇಳಿದರೆ ಸಿ.ಟಿ. ಸ್ಕ್ಯಾನ್ ಮಾಡಿಕೊಡುವ ಪದ್ಧತಿಯನ್ನು ನಮ್ಮ ಕೇಂದ್ರವು ಮುಂದಿನ ತಿಂಗಳ 1ರಿಂದ ನಿಲ್ಲಿಸಲಿದೆ. ವೈದ್ಯರು ಗಾಯಾಳುವನ್ನು ಖುದ್ದಾಗಿ ಪರೀಕ್ಷಿಸಿ, ಸ್ಕ್ಯಾನ್ ಏಕೆ ಬೇಕೆಂದು ಚೀಟಿಯಲ್ಲಿ ಬರೆದಿದ್ದರೆ ಮಾತ್ರ ಇನ್ನು ಮುಂದೆ ಮಾಡಲಾಗುವುದು.

ಪೆಟ್ಟು ಬಿದ್ದಾಗ ಮನೆಯವರು ಗಾಬರಿಯಾಗುವುದು ಸಹಜ. ಆದರೆ ಸ್ಕ್ಯಾನ್ ಬೇಕೋ ಬೇಡವೋ ಎಂಬುದನ್ನು ಗಾಯಾಳುವಿನ ಲಕ್ಷಣಗಳನ್ನು ನೋಡಿಯೇ ನಿರ್ಧರಿಸಬೇಕು. ತಲೆಗೆ ಪೆಟ್ಟು ಬಿದ್ದ ಯಾರಿಗೆ ಸ್ಕ್ಯಾನ್ ಬೇಕೆಂದು ನಿರ್ಧರಿಸಲು ವೈದ್ಯರು ಬಳಸುವ, 2001ರಲ್ಲಿ ಪ್ರಕಟವಾದ ‘ಕೆನಡಿಯನ್ ಸಿ.ಟಿ. ಹೆಡ್ ರೂಲ್’ ಎಂಬ ನಿಯಮದ ಪ್ರಕಾರ, ಪೆಟ್ಟಿನಿಂದ ಎಚ್ಚರ ತಪ್ಪಿದ್ದ, ನಡೆದದ್ದು ಮರೆತುಹೋದ ಅಥವಾ ಗೊಂದಲಕ್ಕೊಳಗಾಗಿದ್ದ ವಯಸ್ಕರು ಎರಡು ಗಂಟೆ ಕಳೆದರೂ ಪೂರ್ತಿ ಎಚ್ಚರಕ್ಕೆ ಬಾರದಿದ್ದರೆ, ಎರಡು ಅಥವಾ ಹೆಚ್ಚು ಸಲ ವಾಂತಿ ಮಾಡಿಕೊಂಡಿದ್ದರೆ, ಬುರುಡೆ ಮುರಿದ ಅನುಮಾನವಿದ್ದರೆ, ಇಲ್ಲವೇ ಅವರಿಗೆ 65 ವರ್ಷ ತುಂಬಿದ್ದರೆ ಸ್ಕ್ಯಾನ್ ಅಗತ್ಯ. ಕಿವಿಯ ಹಿಂದೆ ನೀಲಿಗಟ್ಟುವುದು, ಎರಡೂ ಕಣ್ಣುಗಳ ಸುತ್ತ ಕಪ್ಪಾಗುವುದು, ಮೂಗಿನಿಂದ ನೀರಿನಂಥ ದ್ರವ ತೊಟ್ಟಿಕ್ಕುವುದು ಬುರುಡೆಯ ತಳ ಬಿರುಕುಬಿಟ್ಟಿರುವ ಸೂಚನೆಗಳಾಗಿರಬಹುದು. ಕೌಂಟರಿನಲ್ಲಿ ಹೆಸರು ಬರೆದುಕೊಳ್ಳುವ ನಮ್ಮ ಸಿಬ್ಬಂದಿ ಇವನ್ನೆಲ್ಲ ಪರೀಕ್ಷಿಸಲಾರರು. ಈ ಬದಲಾವಣೆಗೆ ಮುಖ್ಯ ಕಾರಣವೇ ಇದು.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಸೇವಿಸುವವರಿಗೂ, ಪೆಟ್ಟಿನ ನಂತರ ಫಿಟ್ಸ್ ಬಂದವರಿಗೂ, 16 ವರ್ಷದೊಳಗಿನವರಿಗೂ ಮೇಲಿನ ಕೆನಡಿಯನ್ ನಿಯಮ ಅನ್ವಯಿಸುವುದಿಲ್ಲ; ಅವರಿಗೆ ಸ್ಕ್ಯಾನ್ ಬೇಕೋ ಬೇಡವೋ ಎಂಬುದನ್ನು ವೈದ್ಯರೇ ಬೇರೆಯಾಗಿ ನಿರ್ಧರಿಸಬೇಕು. ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು, ಏಕೆಂದರೆ ಸಿ.ಟಿ.ಯಲ್ಲಿ ಬಳಸುವ ಎಕ್ಸ್-ರೇ ವಿಕಿರಣದ ಪರಿಣಾಮ ಬೆಳೆಯುವ ದೇಹದ ಮೇಲೆ ಹೆಚ್ಚು. ವಯಸ್ಕರ ತಲೆಯ ಒಂದು ಸಿ.ಟಿ.ಯಲ್ಲಿ ಸುಮಾರು 2 ಮಿಲಿಸೀವರ್ಟ್ (ವಿಕಿರಣವನ್ನು ಅಳೆಯುವ ಮಾನ) ವಿಕಿರಣ ದೇಹಕ್ಕೆ ತಗಲುತ್ತದೆ. ಅಗತ್ಯವಿದ್ದಾಗ ಅದಕ್ಕೆ ಹೆದರಬೇಕಿಲ್ಲ, ಅಗತ್ಯವಿಲ್ಲದಾಗ ಅಷ್ಟನ್ನೂ ಕೊಡುವುದು ಸರಿಯಲ್ಲ. ಎಷ್ಟೋ ಮಕ್ಕಳಿಗೆ ವೈದ್ಯರ ಕಣ್ಣಳತೆಯಲ್ಲಿ ಕೆಲವು ಗಂಟೆ ಇರಿಸಿಕೊಂಡು ನೋಡಿದರೆ ಸಾಕಾಗುತ್ತದೆ.

ಮತ್ತೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಸಿ.ಟಿ.ಯಲ್ಲಿ ರಕ್ತಸ್ರಾವ, ಮೂಳೆಮುರಿತ ಕಾಣುತ್ತವೆ, ಕನ್ಕಷನ್ (ಪೆಟ್ಟಿನಿಂದ ಮಿದುಳು ಅಲುಗಾಡಿ ಅದರ ಕೆಲಸ ತಾತ್ಕಾಲಿಕವಾಗಿ ಏರುಪೇರಾಗುವುದು) ಕಾಣುವುದಿಲ್ಲ. ವರದಿ ‘ನಾರ್ಮಲ್’ ಎಂದು ಬಂದ ಮೇಲೂ ತಲೆನೋವು, ತಲೆಸುತ್ತು, ಮರೆವು ಮುಂದುವರಿಯಬಹುದು. ಅದನ್ನು ನೆಪವೆಂದು ತಳ್ಳಿಹಾಕದೆ ವೈದ್ಯರಿಗೆ ತಿಳಿಸಿ.

ಗಾಯಾಳುವಿಗೆ ಮಂಪರು ಅಥವಾ ತಲೆನೋವು ಹೆಚ್ಚುತ್ತಿದ್ದರೆ, ಫಿಟ್ಸ್ ಬಂದರೆ, ಕೈಕಾಲು ಬಲಗುಂದಿದರೆ, ಮಾತು ತೊದಲಿದರೆ ಚೀಟಿಗಾಗಿ ಕಾಯಬೇಡಿ, ನಮ್ಮಲ್ಲಿಗೂ ಬರಬೇಡಿ. ತುರ್ತು ಚಿಕಿತ್ಸಾ ವಿಭಾಗವಿರುವ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಿರಿ.

ಈಗಾಗಲೇ ಹಣ ಕಟ್ಟಿ ಸಮಯ ಕಾಯ್ದಿರಿಸಿದವರಿಗೆ, ಸ್ಕ್ಯಾನ್ ಬೇಡವೆಂದು ವೈದ್ಯರು ಹೇಳಿದಲ್ಲಿ, ಪೂರ್ತಿ ಹಣವನ್ನು ಹಿಂತಿರುಗಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕರು