ಓಟಗಾರರ ಸೊಂಟದ ಚೀಲದಲ್ಲಿ ಚೀಟಿಯಿಲ್ಲದ ಮಾತ್ರೆ

ಮಾನ್ಯ ಸಂಪಾದಕರೇ,

ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಕುಂಬಳೆ, ಉಪ್ಪಳ ಕಡೆಯ ಹುಡುಗರು ಈಗ ಬೆಳಿಗ್ಗೆ ಐದಕ್ಕೇ ಎದ್ದು ಓಡುತ್ತಾರೆ. ಕೆಲವರದ್ದು ಪೊಲೀಸ್, ಸೈನ್ಯದ ದೈಹಿಕ ಪರೀಕ್ಷೆಯ ತಯಾರಿ, ಕೆಲವರದ್ದು 21 ಕಿ.ಮೀ., 42 ಕಿ.ಮೀ. ಓಟದ ಆಸೆ. ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ಸೀಟಿ ಊದಿದ ನನಗೆ ಇದಕ್ಕಿಂತ ಸಂತೋಷ ಬೇರೆ ಇಲ್ಲ. ಆದರೆ ಅಕ್ಕನ ಮಗನ ಪ್ರಾಣಕ್ಕೇ ಬಂದದ್ದನ್ನು ಕಂಡ ಮೇಲೆ ಬರೆಯದೆ ಇರಲಾರೆ.

ಅವನಿಗೆ 26 ವರ್ಷ. ಆ ದಿನ 21 ಕಿ.ಮೀ. ಓಟ. ಹದಿನೈದನೇ ಕಿ.ಮೀ. ಹತ್ತಿರ ಉಪ್ಪು ಹಾಕಿದ ಗಂಜಿತಿಳಿ ಹಿಡಿದು ನಾನು ನಿಂತಿದ್ದೆ. ದೂರದಿಂದಲೇ ಅವನ ಕಾಲು ಅತ್ತಿತ್ತ ಎಳೆಯುತ್ತಿರುವುದು ಕಾಣಿಸಿತು. ಹತ್ತಿರ ಬಂದವನು "ಮಾವ, ಕಣ್ಣು ಕತ್ತಲೆ ಬರ್ತಾ ಉಂಟು" ಎಂದು ಹೆಗಲಿಗೆ ಒರಗಿದ. ಬಾಯಿ ಒಣಗಿ ನಾಲಿಗೆ ಹೊರಳುತ್ತಿರಲಿಲ್ಲ. ಆಸ್ಪತ್ರೆಗೆ ಮುಟ್ಟಿದಾಗ ರಕ್ತದೊತ್ತಡ 80/50ಕ್ಕೆ ಇಳಿದಿತ್ತು. ಏನಾದರೂ ಮಾತ್ರೆ ತೆಗೆದುಕೊಂಡಿದ್ದೀಯಾ ಎಂದು ಡಾಕ್ಟರು ಕೇಳಿದರೆ, "ಏನಿಲ್ಲ, ಕಾಲು ಹಿಡಿಯದ ಹಾಗೆ ಒಂದು" ಎಂದ.

ಸೊಂಟದ ಚೀಲ ಬಿಚ್ಚಿದೆ. ಹತ್ತರ ಪಟ್ಟಿಯಲ್ಲಿ ನಾಲ್ಕು ಉಳಿದಿತ್ತು. ಅಸೆಕ್ಲೋಫೆನಾಕ್ 100 ಮಿ.ಗ್ರಾಂ., ಪ್ಯಾರಾಸಿಟಮಾಲ್ 325, ಟಿಜಾನಿಡಿನ್ 2: ಒಂದೇ ಮಾತ್ರೆಯಲ್ಲಿ ಮೂರು ಮದ್ದು. ಜೊತೆಗೆ ಎರಡು ದಿನದ ಭೇದಿಗೆಂದು ತಂದ ಸಿಪ್ರೊಫ್ಲೊಕ್ಸಾಸಿನ್ ಎಂಬ ಆಂಟಿಬಯೋಟಿಕ್. ಎರಡೂ ಒಂದೇ ಅಂಗಡಿಯದ್ದು, ಎರಡಕ್ಕೂ ಡಾಕ್ಟರ ಚೀಟಿ ಇಲ್ಲ. ಓಟಕ್ಕೆ ಮುಂಚೆ ನಸುಕಿನ ನಾಲ್ಕಕ್ಕೆ ಎರಡನ್ನೂ ಒಟ್ಟಿಗೆ ನುಂಗಿದ್ದ.

ಟಿಜಾನಿಡಿನ್ ಸ್ನಾಯು ಸಡಿಲಿಸುವ ಮದ್ದು ಎಂದರೆ ನೇರ ಮೀನಖಂಡಕ್ಕೆ ಹೋಗಿ ಕೆಲಸ ಮಾಡುತ್ತದೆ ಎಂದು ಹುಡುಗರು ತಿಳಿದಿದ್ದಾರೆ. ಅದು ಕೆಲಸ ಮಾಡುವುದು ಮೆದುಳು, ಬೆನ್ನುಹುರಿಯ ಮೇಲೆ. ನಿದ್ದೆ ತರಿಸುತ್ತದೆ, ಬಾಯಿ ಒಣಗಿಸುತ್ತದೆ, ರಕ್ತದೊತ್ತಡ ಇಳಿಸುತ್ತದೆ. ಸಿಪ್ರೊ ಸೇರಿದರೆ ಲಿವರ್ ಅದನ್ನು ಕರಗಿಸುವುದು ತಡೆದು, ರಕ್ತದಲ್ಲಿ ಅದರ ಪ್ರಮಾಣ ಸುಮಾರು 10 ಪಟ್ಟು ಏರುತ್ತದೆ. ಇವೆರಡನ್ನು ಒಟ್ಟಿಗೆ ಕೊಡಲೇಬಾರದು ಎಂಬುದು ನಿಯಮ. ಅದರ ಮೇಲೆ ಭೇದಿಯಿಂದ, ಬೆವರಿನಿಂದ ಮೈಯ ನೀರು ಹೋಗಿತ್ತು. ಅಂಥ ಹೊತ್ತಿನಲ್ಲಿ ಅಸೆಕ್ಲೋಫೆನಾಕ್‌ನಂಥ ನೋವಿನ ಮದ್ದು ಕಿಡ್ನಿಗೆ ಹೋಗುವ ರಕ್ತವನ್ನು ಕಮ್ಮಿ ಮಾಡುತ್ತದೆ. ಮೂರು ದಿನ ಡ್ರಿಪ್ ಹಾಕಿ, ಪುಣ್ಯಕ್ಕೆ ಕಿಡ್ನಿ ಉಳಿಯಿತು.

ಸ್ನಾಯು ಸಡಿಲಿಸುವ ಬೇರೆ ಮಾತ್ರೆಗಳೂ ಇವೆ. ಕ್ಲೋರ್ಜೋಕ್ಸಾಜೋನ್ ಅಪರೂಪಕ್ಕೆ ಲಿವರನ್ನೇ ಕೆಡಿಸಬಹುದು. ಅದನ್ನು ನುಂಗಿದ ಕೆಲವರಿಗೆ ಮೂತ್ರ ಕಿತ್ತಳೆ ಅಥವಾ ಕೆನ್ನೇರಳೆ ಬಣ್ಣಕ್ಕೆ ತಿರುಗುತ್ತದೆ. ಉದ್ದ ಓಟ ಮುಗಿಸಿದವನಿಗೆ ಅದು ಮಾತ್ರೆಯ ಬಣ್ಣವೋ, ಸ್ನಾಯು ಒಡೆದು ಚಹಾದ ಬಣ್ಣ ಬಂದಿದೆಯೋ ಗೊತ್ತಾಗುವುದು ಹೇಗೆ? ಎರಡನೆಯದಾದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಥಯೋಕಾಲ್ಚಿಕೊಸೈಡನ್ನು ಬಾಯಿಯಿಂದ 7 ದಿನಕ್ಕಿಂತ ಹೆಚ್ಚು ತೆಗೆದುಕೊಳ್ಳಬಾರದು, 16 ವರ್ಷದ ಒಳಗಿನವರಿಗೆ ಕೊಡಲೇಬಾರದು ಎಂದು ಯುರೋಪಿನ ಔಷಧ ಸಂಸ್ಥೆ 2013ರಲ್ಲೇ ಹೇಳಿದೆ. ನಮ್ಮಲ್ಲಿ ಹತ್ತನೇ ಕ್ಲಾಸಿನ ಮಕ್ಕಳು ಅಣ್ಣಂದಿರ ಚೀಲದಿಂದ ತೆಗೆದು ನುಂಗುತ್ತಾರೆ.

ಓಡುವಾಗ ಕಾಲು ಸೆಡೆತಕ್ಕೆ ಹೆಚ್ಚಾಗಿ ಕಾರಣ ಸ್ನಾಯು ದಣಿದಿರುವುದು, ತಯಾರಿಗಿಂತ ವೇಗ ಜಾಸ್ತಿಯಾಗಿರುವುದು. ನಿಂತು, ಕಾಲು ನೇರ ಮಾಡಿ, ಹೆಬ್ಬೆರಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿದರೆ ಒಂದೆರಡು ನಿಮಿಷದಲ್ಲಿ ಬಿಡುತ್ತದೆ. ಶಾಲೆಯಲ್ಲಿ ನಾನು ಮಕ್ಕಳಿಗೆ ಮಾಡಿಸುತ್ತಿದ್ದದ್ದೂ ಇದೇ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಮಂಗಳೂರು, ಕಾಸರಗೋಡಿನಲ್ಲಿ ಓಡುವವರು ಬೆಂಗಳೂರಿನವರ ವೇಗಕ್ಕೆ ಹೋಲಿಸಿಕೊಳ್ಳಬೇಕಾಗಿಲ್ಲ.

2024ರಲ್ಲಿ ಕೇರಳ ಸರಕಾರ 'ಆಪರೇಷನ್ ಅಮೃತ್' ಎಂದು ಆಂಟಿಬಯೋಟಿಕನ್ನು ಚೀಟಿ ಇಲ್ಲದೆ ಮಾರುವ ಅಂಗಡಿಗಳ ತಪಾಸಣೆಗೆ ಹೊರಟಿತು. ಒಳ್ಳೆಯ ಕೆಲಸ, ಆದರೆ ಅದು ಎಲ್ಲ ಕಡೆ ಮುಟ್ಟಿಲ್ಲ ಎಂಬುದಕ್ಕೆ ನಮ್ಮ ಹುಡುಗನ ಸಿಪ್ರೊ ಸಾಕ್ಷಿ. ಈ ಸ್ನಾಯು ಮಾತ್ರೆಗಳಿಗೂ ಕಾನೂನಿನಲ್ಲಿ ಚೀಟಿ ಬೇಕು, ಪಟ್ಟಿಯ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಕನ್ನಡ ಶಾಲೆಯಲ್ಲಿ ಓದಿದ ಎಷ್ಟು ಹುಡುಗರು ಆ ಸಣ್ಣ ಅಕ್ಷರ ಓದುತ್ತಾರೆ? ಆರೋಗ್ಯ ಇಲಾಖೆಯವರು ಮಲಯಾಳದ ಜೊತೆಗೆ ಕನ್ನಡದಲ್ಲೂ ಒಂದು ಫಲಕ ಬರೆಸಿ ಮದ್ದಿನ ಅಂಗಡಿಗಳ ಮುಂದೆ ಹಾಕಿಸಲಿ.

ಓಟದ ಸಂಘಟಕರಲ್ಲೂ ಒಂದು ಬೇಡಿಕೆ ಇದೆ. ಎದೆಗೆ ಕಟ್ಟುವ ನಂಬರಿನ ಹಿಂಭಾಗದಲ್ಲಿ ಬರೆಯಲು ಜಾಗ ಇರುತ್ತದೆ. ಓಟದ ಹಿಂದಿನ ಮೂರು ದಿನದಲ್ಲಿ ತೆಗೆದುಕೊಂಡ ಮದ್ದಿನ ಹೆಸರನ್ನು ಓಟಗಾರರು ಅಲ್ಲಿ ಬರೆಯಲಿ. ಅಂದು ಚೀಲ ಬಿಚ್ಚಲು ನಾನಿದ್ದೆ. ಯಾರೂ ಇಲ್ಲದೆ ಬಿದ್ದವನ ಡಾಕ್ಟರಿಗೆ ಆ ಕಾಗದವೇ ಉತ್ತರ ಹೇಳಬೇಕು.

– ನಿವೃತ್ತ ದೈಹಿಕ ಶಿಕ್ಷಕ, ನೀರ್ಚಾಲು, ಕಾಸರಗೋಡು